ಬೇರೆ ಏನಾದ್ರೂ ತಗೋತಿದ್ದೀರಾ?

ಒಕಾನೆ ಮುದುಕ ಶವಪೆಟ್ಟಿಗೆಯ ಮುಚ್ಚಳದಲ್ಲಿದ್ದ ಸಣ್ಣ ಕಿಂಡಿಗೆ ಮುಖವಿಟ್ಟು ಏನೋ ಪಿಸುಗುಟ್ಟುತ್ತಿದ್ದ. ಅವನ ಹಿಂದೆ ಜಪಮಣಿ ಹಿಡಿದು ನಿಂತಿದ್ದ, ಸತ್ತವರ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದ ಚಿಜುರುವಿಗೆ ಅದು ಪ್ರಾರ್ಥನೆಯಲ್ಲ ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನಿದ್ದೆ ಮಾತ್ರೆ ನುಂಗ್ತಿದ್ದಿದ್ದು ಗೆಣಸಿನ ಸಾರಾಯಿ ಜೊತೆ ಕಣಯ್ಯಾ, ಅಕುತ್ಸು. ಆರು ವರ್ಷದಿಂದ. ನೀನು ಕೇಳಿದಾಗೆಲ್ಲ ನೀರು ಅಂದೆ. ತಪ್ಪಾಯ್ತು, ಹೊಟ್ಟೇಲಿ ಹಾಕ್ಕೋ."

"ಒಕಾನೆ ಸಾನ್!" ಚಿಜುರು ಅವನ ಕರಿಕೋಟಿನ ತೋಳು ಹಿಡಿದು ಜಗ್ಗಿದಳು. "ಆರು ವರ್ಷವಾ?"

"ನಿನಗಲ್ಲಮ್ಮ ಹೇಳಿದ್ದು. ಅವನಿಗೆ."

"ಅವರು ತೀರಿಕೊಂಡಿದ್ದಾರೆ."

"ಅದಕ್ಕೇ ಹೇಳ್ದೆ. ಬದುಕಿದ್ದಾಗ ಹೇಳಿದ್ರೆ ಬಿಡ್ತಿದ್ನಾ?" ಎಂದ ಒಕಾನೆ. ಐವತ್ತು ವರ್ಷ ನೆಲಚಾಪೆ ಹೊಲಿದು ಬಾಗಿದ ಬೆನ್ನನ್ನು ಇನ್ನಷ್ಟು ಬಾಗಿಸಿ ನಮಸ್ಕರಿಸಿ, ಹಗುರಾದವನಂತೆ ಹೋಗಿ ಕುರ್ಚಿಯಲ್ಲಿ ಕುಳಿತ.

ಅವನ ನಂತರ ಕ್ಷೌರದಂಗಡಿಯ ಹೆಂಗಸು ಬಂದಳು. ಸತ್ತ ಗಂಡನ ರಕ್ತದೊತ್ತಡದ ಮಾತ್ರೆಗಳು ಡಬ್ಬಿ ತುಂಬ ಉಳಿದಿದ್ದವಂತೆ. ಎಸೆಯಲು ಮನಸ್ಸು ಬಾರದೆ, ತನ್ನ ಮಾತ್ರೆಗಳ ಜೊತೆ ದಿನಕ್ಕೊಂದರಂತೆ ಅವನ್ನೂ ನುಂಗಿ ಮುಗಿಸಿದಳಂತೆ. ಅದನ್ನು ಆಕೆ ಹೆಣದ ಮುಖಕ್ಕೆ ಹೇಳಿ, ಕಣ್ಣೊರೆಸಿಕೊಂಡು, ಚಿಜುರುವಿಗೆ ತಲೆಬಾಗಿಸಿ ಹೋದಳು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜನ. ನಲವತ್ತಾರು ವರ್ಷ ಅಕುತ್ಸು ಅಂಗಡಿಯ ಗಲ್ಲಾದ ಹಿಂದೆ ನಿಂತು ಕೇಳಿದ್ದು ಇದೊಂದನ್ನೇ. ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಈಗ ಸಾಲುಗಟ್ಟಿ ನಿಂತು ಹೇಳುತ್ತಿದ್ದಾರೆ. ಚಿಜುರು ಹಲ್ಲು ಕಚ್ಚಿಕೊಂಡು, ಕೈಚೀಲದಿಂದ ಪೆನ್ಸಿಲ್ ತೆಗೆದು, ಶ್ರಾದ್ಧದ ಕಾರ್ಡಿನ ಹಿಂದೆ ಬರೆದುಕೊಂಡಳು: ಒಕಾನೆ, ಸಾರಾಯಿ. ಕ್ಷೌರದಂಗಡಿ, ಗಂಡನ ಮಾತ್ರೆ.

ಆದರೆ ಅವಳು ಕಾಯುತ್ತಿದ್ದದ್ದು ಇವರಿಗಲ್ಲ. ಎಪ್ಪತ್ತೆಂಟರ ನೆಮೊತೊ ಫುಮಿಗೆ. ಆ ಅಜ್ಜಿ ಏನೋ ಒಂದನ್ನು ಸೇವಿಸುತ್ತಿದ್ದಾಳೆ, ಅದೇನೆಂದು ಯಾರಿಗೂ ಹೇಳುತ್ತಿಲ್ಲ. ಅಕುತ್ಸು ಸಾಯುವ ಹಿಂದಿನ ದಿನದವರೆಗೂ ಅದನ್ನೇ ಹುಡುಕುತ್ತಿದ್ದರು. ಈ ಒಂಬತ್ತು ದಿನಗಳಲ್ಲಿ ಚಿಜುರು ಮೂರು ಸಲ ಫೋನ್ ಮಾಡಿದ್ದಳು. "ಮೊದಲು ಅವರ ಕಾರ್ಯ ಮುಗೀಲಮ್ಮ" ಎಂದು ಮೂರು ಸಲವೂ ಫುಮಿ ಫೋನ್ ಇಟ್ಟಿದ್ದಳು. ಚಿತಾಗಾರದಲ್ಲಿ ಸರದಿ ಸಿಕ್ಕಿದ್ದೇ ಇವತ್ತು. ನಾಳೆ ಬೆಳಗ್ಗೆ ಡಾಕ್ಟರು ಫುಮಿಯ ಮಾತ್ರೆಯನ್ನು ಮತ್ತೆ ಏರಿಸಲಿದ್ದರು.

*

ಫುಮಿಯ ಎದೆಯೊಳಗೆ ಹನ್ನೊಂದು ವರ್ಷದಿಂದ ಒಂದು ಲೋಹದ ಕವಾಟವಿದೆ. ಅದರ ಸುತ್ತ ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಾ ವಾರ್ಫರಿನ್ ಮಾತ್ರೆ. ರಕ್ತ ಪರೀಕ್ಷೆಯ ಅಂಕಿ ಎರಡೂವರೆಯ ಆಸುಪಾಸು ನಿಲ್ಲಬೇಕು. ಇಳಿದರೆ ರಕ್ತ ಗಟ್ಟಿ, ಏರಿದರೆ ರಕ್ತಸ್ರಾವ. ಹತ್ತು ವರ್ಷ ನೆಟ್ಟಗೆ ನಿಂತಿದ್ದ ಅಂಕಿ ಈ ಚಳಿಗಾಲದಲ್ಲಿ ಇಳಿಯತೊಡಗಿತು. ಡಾಕ್ಟರು ಮಾತ್ರೆ ಏರಿಸಿದರು. ಸ್ವಲ್ಪ ಏರಿ ಮತ್ತೆ ಇಳಿಯಿತು. ಮತ್ತೆ ಏರಿಸಿದರು.

"ಬೇರೆ ಏನಾದ್ರೂ ತಗೋತಿದ್ದೀರಾ?" ಅಕುತ್ಸು ಅಂದು ಗಲ್ಲಾದ ಮೇಲೆ ಎರಡೂ ಮೊಣಕೈ ಊರಿ ಕೇಳಿದ್ದರು.

"ಏನಿಲ್ಲಪ್ಪ."

"ನಾಟ್ಟೊ? ಆ ಕಾಳು ಮಾತ್ರೆ ಬಲಾನೇ ತಿಂದುಹಾಕುತ್ತೆ."

"ಮುಟ್ಟಿ ಹನ್ನೊಂದು ವರ್ಷ ಆಯ್ತು. ಹುದುಗಿಸಿದ ಕಾಳಿಲ್ಲದೆ ಬೆಳಗಾಗದ ಊರಲ್ಲಿ ಹುಟ್ಟಿ, ಬರೀ ಅನ್ನಕ್ಕೆ ಉಪ್ಪಿನಕಾಯಿ ನೆಂಚ್ಕೊಂಡು ಕೂತಿದ್ದೀನಿ. ಇನ್ನೇನು ಬಿಡಿಸ್ಬೇಕು ಅಂತಿದ್ದೀರಿ, ಉಸಿರಾಡೋದನ್ನಾ?"

"ಟೀವಿ ನೋಡಿ ತರಿಸ್ಕೊಂಡಿದ್ದು? ಪಕ್ಕದ ಮನೆಯವರು ಕೊಟ್ಟಿದ್ದು? ಪುಡಿ, ಕಷಾಯ, ಎಣ್ಣೆ? ನಾದಿನಿ ಊರಿಂದ ಬಂದಿದ್ದು?"

"ನಾನು ಮಾತ್ರೆ ತಗೊಳಕ್ಕೆ ಬಂದ್ನೋ, ಪೊಲೀಸ್ ಠಾಣೆಗೆ ಬಂದ್ನೋ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಫುಮಿ ತನ್ನ ಔಷಧದ ಪುಸ್ತಕವನ್ನು ಬಟ್ಟೆಚೀಲದೊಳಗೆ ಜೋಪಾನವಾಗಿ ಸೇರಿಸಿದಳು. ಪ್ರತಿ ಸಲ ಕೊಟ್ಟ ಮಾತ್ರೆಯ ಚೀಟಿಯನ್ನು ಅಂಗಡಿಯವರು ಅಂಟಿಸುವ ಆ ಸಣ್ಣ ಪುಸ್ತಕ, ಊರಲ್ಲಿ ಅವಳದರಷ್ಟು ಅಚ್ಚುಕಟ್ಟಾಗಿ ಇನ್ನೊಬ್ಬರದಿರಲಿಲ್ಲ. ಆದರೆ ಪುಸ್ತಕಕ್ಕೆ ಗೊತ್ತಿರುವುದು ಡಾಕ್ಟರು ಬರೆದದ್ದು ಮಾತ್ರ. ಅಡುಗೆಮನೆಯದು ಅದಕ್ಕೇನು ಗೊತ್ತು? ಅಂದಿನ ಚೀಟಿಯ ಕೆಳಗೆ ಅಕುತ್ಸು ಪೆನ್ಸಿಲಿನಲ್ಲಿ ಬರೆದಿದ್ದರು: 'ಬೇರೇನಿಲ್ಲ ಎಂದರು. ನಂಬಿಕೆಯಿಲ್ಲ.'

"ನೀವು ಗದರಿಸಿದ ಹಾಗೆ ಕೇಳಿದ್ರೆ ಯಾರು ಹೇಳ್ತಾರೆ?" ಅವಳು ಹೋದ ಮೇಲೆ ಚಿಜುರು ಅಂದಿದ್ದಳು. ಹದಿನಾರು ವರ್ಷ ಅವರ ಪಕ್ಕದಲ್ಲೇ ನಿಂತು ಮಾತ್ರೆ ಎಣಿಸಿದವಳಿಗೆ ಅಷ್ಟು ಸಲಿಗೆ ಇತ್ತು. "ತೊಬಿತಾ ಅವರ ಮನೆಗೆ ಫೋನ್ ಮಾಡಿ, ಅತ್ತೆಗೆ ನಾಟ್ಟೊ ತಿನ್ನಿಸ್ತೀಯಾ ಅಂತ ಸೊಸೇನ ಬೈದ್ರಿ. ಅವರಿಬ್ಬರು ಇವತ್ತಿಗೂ ಮಾತಾಡಲ್ಲ. ಊರಿಗೆಲ್ಲ ಗೊತ್ತು."

"ಆ ಅತ್ತೆ ಬದುಕಿದ್ದಾಳೋ ಇಲ್ವೋ?"

"ಬದುಕಿದ್ದಾರೆ."

"ಮತ್ತೆ?" ಎಂದು ಅಕುತ್ಸು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದರು. "ಮಂದಿ ಮನೆ ವಿಷಯಕ್ಕೆ ಮೂಗು ತೂರ್ಸೋದು ನನಗೆ ಚಿಕ್ಕಂದಿನಿಂದ ಚಟ. ಅದಕ್ಕೆ ಸಂಬಳ ಕೊಡೋ ಕೆಲಸ ಸಿಕ್ತು, ಬಂದೆ."

ಅವರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಕತೆಯೇನೂ ಇರಲಿಲ್ಲ. ಹೆಂಡತಿ, ಅಂಗಡಿ, ಅಂಗಡಿಯ ಹಿಂದೆ ನಾಲ್ಕು ಕುಂಡ ಮೂಲಂಗಿ ಸೊಪ್ಪು. ಕಳೆದ ಶನಿವಾರಕ್ಕೆ ಹಿಂದಿನ ಶನಿವಾರ ಅವರು ಫುಮಿಯ ಡಾಕ್ಟರಿಗೆ ಫೋನ್ ಮಾಡಿ, ಕಾರಣ ಸಿಗುವವರೆಗೆ ಮಾತ್ರೆ ಏರಿಸಬೇಡಿ ಎಂದು ಬೇಡಿದರು. ಡಾಕ್ಟರು ಕೇಳಲಿಲ್ಲ. ಹಾಗೇ ಬಿಟ್ಟರೆ ಕವಾಟ ಕಟ್ಟಿಕೊಳ್ಳುತ್ತದೆ, ಅದೂ ನಿಜವೇ. "ಸೋಮವಾರ ಅವಳ ಅಡುಗೆಮನೆಗೇ ಹೋಗಿ ನಿಲ್ತೀನಿ" ಎಂದು ಅಕುತ್ಸು ಬಾಗಿಲು ಹಾಕಿದರು. ಭಾನುವಾರ ಸಂಜೆ ಸ್ನಾನದ ತೊಟ್ಟಿಯಲ್ಲಿ ಅವರ ಹೃದಯ ನಿಂತಿತು.

*

ಫುಮಿ ಬಂದಾಗ ಭಿಕ್ಷು ಸೂತ್ರ ಓದಲು ಆರಂಭಿಸಿಯಾಗಿತ್ತು. ಪಕ್ಕದಲ್ಲಿ ಸೊಸೆ ಮಿಹೊಕೊ. ಇಬ್ಬರೂ ಹದಿನಾಲ್ಕು ವರ್ಷದಿಂದ ಒಂದೇ ಸೂರಿನಡಿ ಇದ್ದವರು. ಈಗಲೂ ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಚಿಜುರು ಹಿಂದಿನ ಸಾಲಿಗೆ ಜರುಗಿ ಫುಮಿಯ ಬೆನ್ನಿಗೇ ಕುಳಿತಳು.

"ಅಜ್ಜೀ, ಐದು ನಿಮಿಷ ಮಾತಾಡ್ಬೇಕಿತ್ತು."

"ಸೂತ್ರ ನಡೀತಿದೆ."

"ನಾಳೆ ನಿಮ್ಮ ಮಾತ್ರೆ—"

"ಶ್!" ಎಂದಳು ಫುಮಿ. ಮುಂದಿನ ಸಾಲಿನಿಂದ ಎರಡು ತಲೆಗಳು ತಿರುಗಿ ಚಿಜುರುವನ್ನು ನೋಡಿದವು.

ಧೂಪ ಹಾಕುವ ಸರದಿ ಬಂತು. ಫುಮಿ ಎದ್ದು ಹೋಗಿ, ಚಿಟಿಕೆ ಧೂಪ ಹಣೆಗೊತ್ತಿ ಕೆಂಡಕ್ಕೆ ಹಾಕಿ ಕೈಮುಗಿದಳು. ಕರಿ ನಿಲುವಂಗಿಯ ತೋಳು ಹಿಂದೆ ಸರಿಯಿತು. ಮಣಿಕಟ್ಟಿನಿಂದ ಮೊಣಕೈವರೆಗೆ ನೇರಳೆ ಬಣ್ಣದ ಕಲೆ. ಇನ್ನೊಂದು ಕೈಯಲ್ಲೂ ಎರಡು.

ಚಿಜುರುವಿನ ಲೆಕ್ಕವೇ ತಲೆಕೆಳಗಾಯಿತು. ಅಂಕಿ ಇಳಿದವರಿಗೆ ರಕ್ತ ಬೇಗ ಹೆಪ್ಪುಗಟ್ಟಬೇಕು. ಹೀಗೆ ಚರ್ಮದಡಿ ಒಸರಬಾರದು. ಇದು ಅಂಕಿ ಏರಿದವರ ಗುರುತು. ಹಾಗಾದರೆ ಅಜ್ಜಿ ತಿನ್ನುತ್ತಿರುವುದು ಯಾವುದು? ಅಕುತ್ಸು ಅಂದುಕೊಂಡದ್ದರ ಪೂರಾ ವಿರುದ್ಧದ್ದೇನಾದರೂ ಇರಬಹುದೇ? ನೋವಿನ ಮಾತ್ರೆಯೇ? ಬೆಳ್ಳುಳ್ಳಿ ಗುಳಿಗೆಯೇ? ಗೊತ್ತಿಲ್ಲದೆ ಏನು ಮಾಡಿದರೂ ತಪ್ಪೇ. ಕಣ್ಣು ಕಟ್ಟಿ ರಸ್ತೆ ದಾಟು ಎಂದ ಹಾಗಾಯಿತು.

"ಈ ಕಲೆ ಎಷ್ಟು ದಿನದಿಂದ?" ಫುಮಿ ಮರಳಿ ಬಂದೊಡನೆ ಅವಳು ಮುಂದಕ್ಕೆ ಬಾಗಿ ಕೇಳಿದಳು.

"ಬಾಗಿಲು ತಗುಲ್ತು."

"ಎರಡೂ ಕೈಗಾ?"

"ಎರಡು ಬಾಗಿಲು."

"ಅಜ್ಜಿ, ದಯವಿಟ್ಟು. ಬೇರೆ ಏನು ತಗೋತಿದ್ದೀರಿ?"

ಫುಮಿ ಸೊಸೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಮುಂದೆ ತಿರುಗಿದಳು. "ಅವರು ಹೋದ್ರು ಅಂತ ನೀನು ಶುರು ಮಾಡಿದ್ಯಾ? ಈಗ ಏನೂ ತಗೋತಿಲ್ಲ. ಅವರಾಣೆ."

ಚಿಜುರುವಿಗೆ ಎದ್ದು ನಿಂತು ಕಿರುಚಬೇಕು ಅನ್ನಿಸಿತು. ಸೂತ್ರ ಮುಗಿಯುವವರೆಗೆ ಜಪಮಣಿಯ ದಾರ ಎಳೆದೆಳೆದು, ಅದು ಕಿತ್ತುಬರುವುದೊಂದು ಬಾಕಿ.

ಕೊನೆಯ ವಿದಾಯಕ್ಕೆ ಮುಚ್ಚಳ ತೆಗೆದರು. ಬಿಳಿ ಕೈಗವಸಿನ ಸಿಬ್ಬಂದಿ ತಟ್ಟೆಯಲ್ಲಿ ಸೇವಂತಿಗೆ ಹಂಚಿದ. ಲೋಹ, ಗಾಜು ಬಿಟ್ಟು ಪ್ರೀತಿಯ ಏನನ್ನಾದರೂ ಇಡಬಹುದು ಎಂದ. ವಿಧವೆ ಕಿನುಕೊ ಗಂಡನ ಬಿಳಿ ಅಂಗಿಯನ್ನು ಮಡಚಿ ಕಾಲ ಬಳಿ ಇಟ್ಟಳು. ಆಮೇಲೆ ಹುಲ್ಲಿನಲ್ಲಿ ಸುತ್ತಿದ ಒಂದು ಹಿಡಿ ನಾಟ್ಟೊ. ಜನ ನಕ್ಕೂ ನಗದ ಹಾಗೆ ಮೂಗೊರೆಸಿಕೊಂಡರು. ಒಕಾನೆ ಮಡಚಿದ ಚೀಟಿಯೊಂದನ್ನು ಹೂವಿನಡಿಗೆ ತಳ್ಳಿದ. ತಾನು ಸೇವಿಸುವುದೆಲ್ಲವನ್ನೂ ಪಟ್ಟಿ ಮಾಡಿ ತಂದಿದ್ದನಂತೆ! ಚಿಜುರು ನೋಡುತ್ತಲೇ ಇದ್ದಳು. ಆ ಪಟ್ಟಿ ತನ್ನ ಕೈಗೆ ಬರಬೇಕಾದದ್ದು, ಬೆಂಕಿಗೆ ಹೋಗುತ್ತಿದೆ. ಆಮೇಲೆ ಫುಮಿ ಬಂದಳು. ನಿಲುವಂಗಿಯ ಎದೆಮಡಿಕೆಯಿಂದ ಬಿಳಿ ಲಕೋಟೆಯೊಂದನ್ನು ತೆಗೆದು, ಅಕುತ್ಸುವಿನ ಜೋಡಿಸಿದ ಕೈಗಳ ಕೆಳಗೆ ಸೇರಿಸಿ, ಅದರ ಮೇಲೆ ಎರಡು ಹೂವಿಟ್ಟು, ಬಹಳ ಹೊತ್ತು ತಲೆಬಾಗಿಸಿ ನಿಂತಳು.

"ಇನ್ನು ಮುಚ್ಚಬಹುದಾ?" ಎಂದ ಸಿಬ್ಬಂದಿ.

ನಾಲ್ವರು ಮುಚ್ಚಳ ಎತ್ತಿದರು. ಚಿಜುರುವಿನ ಕಾಲು ತಾನಾಗಿ ಮುಂದೆ ಹೋಯಿತು. ಅವಳು ಸೇವಂತಿಗೆಗಳ ನಡುವೆ ಕೈಹಾಕಿ, ತಣ್ಣಗಿದ್ದ ಆ ಬೆರಳುಗಳ ಕೆಳಗಿನಿಂದ ಲಕೋಟೆಯನ್ನು ಎಳೆದು ತೆಗೆದಳು.

ಯಾರೋ "ಅಯ್ಯೋ" ಎಂದರು. ಮುಚ್ಚಳ ಹಿಡಿದವರು ಎತ್ತಿದಂತೆಯೇ ನಿಂತರು.

"ಅದು ನಂದು!" ಫುಮಿ ಕೂಗಿದಳು. "ಸತ್ತವರಿಗೆ ಕೊಟ್ಟಿದ್ದನ್ನ ಕದೀತೀಯಲ್ಲ, ನಿನಗೆ ನಾಚಿಕೆ ಇಲ್ವಾ?"

"ಇಲ್ಲ," ಎಂದಳು ಚಿಜುರು. "ಕಿನುಕೊ ಸಾನ್, ಕ್ಷಮಿಸಿ. ನೀವು ಬೇಡ ಅಂದ್ರೆ ವಾಪಸ್ ಇಡ್ತೀನಿ. ಆದ್ರೆ ಇದನ್ನ ಓದಬೇಕಾಗಿರೋದು ಬದುಕಿರೋರು."

ಎಲ್ಲರೂ ವಿಧವೆಯ ಕಡೆ ತಿರುಗಿದರು. ಆಕೆ ಗಂಡನ ಮುಖವನ್ನು ಒಮ್ಮೆ ನೋಡಿ, "ಓದಿ" ಎಂದಳು. "ಇವರಿಗೆ ಜೀವ ಇದ್ದಿದ್ರೆ ಎದ್ದು ಕೂತು ತಾವೇ ಓದ್ತಿದ್ರು."

ಕಾಗದದಲ್ಲಿ ಫುಮಿಯ ಅಚ್ಚುಕಟ್ಟಾದ ಅಕ್ಷರ:

'ಅಕುತ್ಸು ಸಾನ್, ನಿಮಗೆ ನಾಲ್ಕು ತಿಂಗಳು ಸುಳ್ಳು ಹೇಳಿದೆ. ಮಿಹೊಕೊ ದಿನಾ ಬೆಳಗ್ಗೆ ನನಗೆ ಒಂದು ಲೋಟ ಸೊಪ್ಪಿನ ರಸ ಮಾಡಿಕೊಡುತ್ತಾಳೆ. ನನಗೆಂದೇ ಅವಳು ಮಾಡಿದ್ದು ಇದೇ ಮೊದಲು. ಮೊದಲ ದಿನ ಚೆನ್ನಾಗಿದೆ ಎಂದುಬಿಟ್ಟೆ. ನಿಮಗೆ ಹೇಳಿದ್ದರೆ ಮನೆಗೆ ಫೋನ್ ಮಾಡಿ ಅವಳನ್ನು ಬೈಯುತ್ತಿದ್ದಿರಿ. ಅದು ನನಗೆ ಬೇಡವಾಗಿತ್ತು. ನೀವು ಹೋದ ಸುದ್ದಿ ಬಂದ ಬೆಳಗಿನಿಂದ ಒಂದು ಹನಿಯೂ ಕುಡಿದಿಲ್ಲ. ಅವಳು ಆಚೆ ಹೋದಾಗ ಕಿಟಕಿಯಿಂದ ಚೆಲ್ಲುತ್ತೇನೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಇನ್ನು ನೆಮ್ಮದಿಯಾಗಿ ಹೋಗಿ.'

ಚಿಜುರು ಎರಡು ಸಲ ಓದಿದಳು. ಅಕುತ್ಸು ಅಂದುಕೊಂಡದ್ದು ಸರಿಯಾಗಿತ್ತು. ಅಜ್ಜಿ ಸುಳ್ಳು ಹೇಳುತ್ತಿದ್ದಷ್ಟು ದಿನ ಬದುಕು ಹೇಗೋ ನಡೆದುಹೋಗುತ್ತಿತ್ತು. ಪಶ್ಚಾತ್ತಾಪ ಪಟ್ಟದ್ದೇ ಮುಳುವಾಯಿತು.

"ಏಳಿ ಅಜ್ಜಿ. ಈಗಲೇ ಆಸ್ಪತ್ರೆಗೆ."

"ಬಿಟ್ಟಿದ್ದೀನಲ್ಲ! ಬಿಡಿ ಅಂತಾನೇ ಅವರು ಬಡ್ಕೊಂಡಿದ್ದು!"

"ಹಗ್ಗ ಜಗ್ಗಾಟ ನೋಡಿದ್ದೀರಲ್ಲ? ಆ ಕಡೆಯಿಂದ ಸೊಪ್ಪು ಎಳೀತಿತ್ತು ಅಂತ ಈ ಕಡೆ ಮಾತ್ರೇನ ಸುಮಾರು ಎರಡು ಪಟ್ಟು ಮಾಡಿದ್ದಾರೆ. ನೀವು ಒಂದು ಕಡೆ ಹಗ್ಗ ಕೈಬಿಟ್ರಿ. ಈ ಕಡೆಯವರು ಅಂಗಾತ ಬೀಳದೆ ಇನ್ನೇನಾಗ್ತಾರೆ? ತಲೆನೋವು ಇದ್ಯಾ?"

ಫುಮಿ ಹೂಗಳ ಕಡೆ ಮುಖ ತಿರುಗಿಸಿದಳು.

"ಅತ್ತೆ, ಕೇಳ್ತಿದ್ದಾರಲ್ಲ," ಎಂದಳು ಮಿಹೊಕೊ. ಅವಳ ಮುಖ ಪೂರಾ ಕೆಂಪಾಗಿತ್ತು.

"ಬೆಳಗಿನಿಂದ ಸ್ವಲ್ಪ ಭಾರ. ಸುಟ್ಟು ಮೂಳೆ ಆಯೋವರೆಗೂ ನಾನು ಇವರನ್ನ ಬಿಟ್ಟು ಕದಲಲ್ಲ. ನಲವತ್ತು ವರ್ಷ ನನಗೆ ಮಾತ್ರೆ ಕಟ್ಟಿಕೊಟ್ಟ ಮನುಷ್ಯ."

"ನನ್ನ ಯಜಮಾನರ ಮೂಳೆ ಎಲ್ಲೂ ಓಡಿಹೋಗಲ್ಲ, ಫುಮಿ ಸಾನ್," ಎಂದಳು ಕಿನುಕೊ. "ಹೊರಡಿ. ಈಗ ಹೋಗದಿದ್ರೆ ಇವರು ನನ್ನ ಕನಸಿಗೆ ಬಂದು ಪ್ರಾಣ ತಿಂತಾರೆ."

*

ಮಿಹೊಕೊಳ ಪುಟ್ಟ ಕಾರಿನಲ್ಲಿ ಮೂವರು ಕರಿಬಟ್ಟೆಯವರು ಇಕ್ಕಟ್ಟಾಗಿ ಕುಳಿತರು. ಶವದ ವಾಹನ ಬಲಕ್ಕೆ ತಿರುಗಿತು, ಇವರು ಎಡಕ್ಕೆ. ಕಾರು ಸೇತುವೆ ದಾಟಿತು.

"ಚೆಲ್ತಿದ್ದಿದ್ದು ನನಗೆ ಗೊತ್ತಿತ್ತು," ಎಂದಳು ಮಿಹೊಕೊ, ರಸ್ತೆಯಿಂದ ಕಣ್ಣು ತೆಗೆಯದೆ. "ಕಿಟಕಿ ಕೆಳಗಿನ ಕಲ್ಲು ಹಸಿರಾಗಿತ್ತು."

"ಗೊತ್ತಿದ್ದೂ ದಿನಾ ಮಾಡಿಕೊಟ್ಯಾ?" ಎಂದಳು ಫುಮಿ.

"ನಿಲ್ಲಿಸಿದ್ರೆ ಕೋಪ ಮಾಡ್ಕೊಂಡೆ ಅಂತೀರಿ ಅಂದ್ಕೊಂಡೆ."

ಹಿಂದಿನ ಸೀಟಿನಲ್ಲಿ ಚಿಜುರುವಿಗೆ ತಡೆಯಲಾಗಲಿಲ್ಲ. "ಈ ಊರಲ್ಲಿ ಒಬ್ಬರಾದ್ರೂ ಬಾಯಿ ಬಿಟ್ಟು ಮಾತಾಡ್ತೀರಾ? ಆ ಮನುಷ್ಯ ಜೀವಮಾನವಿಡೀ ಕೇಳಿದ್ದು ಒಂದೇ ಪ್ರಶ್ನೆ. ಒಂದೇ! ಉತ್ತರ ಕೊಟ್ಟಿದ್ರೆ ಏನು ಗಂಟು ಹೋಗ್ತಿತ್ತು ನಿಮ್ಮದು?" ಎಂದು ಶುರುಮಾಡಿದವಳು ಮುಂದೆ ಮಾತು ಬಾರದೆ ಅಳತೊಡಗಿದಳು. ಒಂಬತ್ತು ದಿನಗಳಲ್ಲಿ ಅವಳು ಅತ್ತದ್ದು ಅದೇ ಮೊದಲು.

ತುರ್ತು ಚಿಕಿತ್ಸೆಯಲ್ಲಿದ್ದದ್ದು ಎಳೆಯ ಡಾಕ್ಟರು. ಔಷಧದ ಪುಸ್ತಕ ತಿರುವಿಹಾಕಿ, ಫುಮಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಇದರಲ್ಲಿ ಬರೆದಿರೋದು ಬಿಟ್ಟು ಬೇರೆ ಏನಾದ್ರೂ ಸೇವಿಸ್ತಿದ್ರಾ?" ಎಂದರು.

ಫುಮಿ ಸೊಸೆಯನ್ನು ನೋಡಿದಳು. ಡಾಕ್ಟರನ್ನು ನೋಡಿದಳು. "ಅಂಥದ್ದೇನಿಲ್ಲ," ಎಂದಳು.

ಚಿಜುರು ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುವಷ್ಟರಲ್ಲಿ ಮಿಹೊಕೊ ಮುಂದೆ ಬಂದಳು. "ಸೊಪ್ಪಿನ ರಸ. ನಾನೇ ಮಾಡ್ತಿದ್ದೆ. ಎಲೆಕೋಸಿನ ಜಾತಿಯ ಕಡುಹಸಿರು ಸೊಪ್ಪು ನಾಲ್ಕು ಎಲೆ, ಸಾಸಿವೆ ಸೊಪ್ಪು ಒಂದು ಹಿಡಿ, ಅರ್ಧ ಸೇಬು. ದೊಡ್ಡ ಲೋಟದ ತುಂಬ. ನವೆಂಬರ್ ಮೂರರಿಂದ ದಿನಾ, ತಪ್ಪದೆ. ಅತ್ತೆ ಕುಡಿಯೋದು ನಿಲ್ಲಿಸಿ ಇವತ್ತಿಗೆ ಒಂಬತ್ತು ದಿನ." ಅವಳು ಉಸಿರು ತಗೊಂಡು ಸೇರಿಸಿದಳು, "ಮೊಣಕಾಲಿಗೆ ನೋವಿನ ಪಟ್ಟಿ ಅಂಟಿಸ್ಕೋತಾರೆ. ರಾತ್ರಿ ಉಪ್ಪಲ್ಲಿ ಹಾಕಿದ ಹುಳಿ ಪ್ಲಮ್ ಹಣ್ಣು ಮೂರು. ಕೆಮ್ಮಿಗೆ ಜೇನು. ಅಷ್ಟೇ."

ಡಾಕ್ಟರು ಬರೆದುಕೊಂಡರು. ಅಕುತ್ಸು ಇದನ್ನು ಕೇಳಿಸಿಕೊಳ್ಳಬೇಕಿತ್ತು ಎಂದುಕೊಂಡಳು ಚಿಜುರು. ಒಂದು ಪ್ರಶ್ನೆಗೆ ಇಷ್ಟು ಪೂರ್ತಿ ಉತ್ತರ ಆ ಅಂಗಡಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಅಂಕಿ ಏಳು ದಾಟಿತ್ತು. ತಲೆಯ ಸ್ಕ್ಯಾನ್ ಚಿತ್ರದಲ್ಲಿ ರಕ್ತ ಸೋರಿದ ಗುರುತಿರಲಿಲ್ಲ. ಇನ್ನೆರಡು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಕವಾಟ ಇರುವುದರಿಂದ ಒಮ್ಮೆಗೇ ಇಳಿಸುವಂತಿಲ್ಲ, ಮಾತ್ರೆ ನಿಲ್ಲಿಸಿ, ಮಲಗಿಸಿ, ದಿನಾ ನೋಡಬೇಕು ಎಂದರು.

ಕಾರಿಡಾರಿನಲ್ಲಿ ಚಿಜುರುವಿನ ಫೋನ್ ಮೊಳಗಿತು. ಕಿನುಕೊ.

"ಎಷ್ಟು ಬಂತು ಅಂಕಿ?"

"ಏಳು ಚಿಲ್ಲರೆ. ತಲೆಗೇನೂ ಆಗಿಲ್ಲ."

ಆ ಕಡೆ ಯಾರೋ ಮೂಳೆ ಎತ್ತುವ ಕಡ್ಡಿಗಳನ್ನು ಹಂಚುತ್ತಿದ್ದ ಸದ್ದು. "ಈಗ ಆಯಕ್ಕೆ ಕರೀತಿದ್ದಾರೆ," ಎಂದಳು ಕಿನುಕೊ. "ಹೇಳ್ತೀನಿ ಅವರಿಗೆ. ಏಳು ಅಂತ."

ಚಿಜುರು ಒಳಗೆ ಬಂದಾಗ ನರ್ಸ್ ಮತ್ತೊಮ್ಮೆ ರಕ್ತ ತೆಗೆದು ಹೋಗಿದ್ದಳು. ಹತ್ತಿ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ ಎಂದಿದ್ದಳಂತೆ. ಹತ್ತು ನಿಮಿಷವಾಗಿತ್ತು. ತಟ್ಟೆಯಲ್ಲಿ ಕೆಂಪಾದ ಹತ್ತಿಯುಂಡೆಗಳು ಮೂರು ಬಿದ್ದಿದ್ದವು. ಮಿಹೊಕೊ ಮಂಚದ ಅಂಚಿಗೆ ಕುಳಿತು, ಅತ್ತೆಯ ಮೊಣಕೈ ಮಡಿಕೆಗೆ ನಾಲ್ಕನೆಯದನ್ನು ಹೆಬ್ಬೆರಳಿನಿಂದ ಅದುಮಿಕೊಂಡಿದ್ದಳು.

"ಸಾಕು ಬಿಡು, ಕೈ ನೋಯುತ್ತೆ," ಎಂದಳು ಫುಮಿ.

"ನೋಯಲ್ಲ."

ಹತ್ತಿಯ ಅಂಚಿನಲ್ಲಿ ಮತ್ತೆ ಒಂದು ಕೆಂಪು ಚುಕ್ಕೆ ಮೂಡಿತು. ಮಿಹೊಕೊ ಉಗುರು ಬೆಳ್ಳಗಾಗುವಷ್ಟು ಒತ್ತಿದಳು. ಫುಮಿ ತೋಳನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ.